ಆಶ್ರಮದಲ್ಲಿರುವ ಅಜ್ಜಿ ಕೈದಿಯೇ?

ಕಳೆದ ಸಂಚಿಕೆಯಲ್ಲಿ ‘ವೃದ್ಧಾಶ್ರಮದ ಕೈದಿಗಳಿಗೆ ಹೊದಿಕೆ ವಿತರಣೆ’ ಎಂಬ ಸುದ್ದಿ ಓದಿ ದಂಗಾದೆ. ನನ್ನ ಅತ್ತೆಯವರೂ ಅಂಥದ್ದೊಂದು ಆಶ್ರಮದಲ್ಲಿದ್ದಾರೆ. ಅವರು ಮಾಡಿದ ಅಪರಾಧವೇನು? ಇಂಗ್ಲಿಷಿನ ‘ಇನ್‌ಮೇಟ್’ಗೆ ಕನ್ನಡದಲ್ಲಿ ಬೇರೆ ಪದವಿಲ್ಲವೇ? ಮಲಯಾಳದಲ್ಲಿ ‘ಅಂತೇವಾಸಿ’ ಎನ್ನುತ್ತಾರೆ; ನಾವೂ ಅದನ್ನೇ ಬಳಸಬಾರದೇಕೆ?
– ಓದುಗರೊಬ್ಬರು, ಪುತ್ತೂರು

ಮಾನ್ಯರೇ,

ತಪ್ಪು ನಮ್ಮದೇ. ಇಂಗ್ಲಿಷಿನಲ್ಲಿ ಬಂದ ನಾಲ್ಕು ಸಾಲಿನ ಪ್ರಕಟಣೆಯನ್ನು ನಮ್ಮಲ್ಲೊಬ್ಬರು ಅವಸರದಲ್ಲಿ ಮೊಬೈಲಿನ ಅನುವಾದಕ್ಕೆ ಒಪ್ಪಿಸಿದರು. ಅದು ‘ಕೈದಿಗಳು’ ಎಂದಿತು. ಕರಡು ತಿದ್ದಿದ್ದು ನಾನು. ಹೊದಿಕೆಗಳ ಸಂಖ್ಯೆ ಸರಿಯಿದೆಯೇ ಎಂದು ಎರಡು ಸಲ ನೋಡಿದೆ, ಹೊದ್ದುಕೊಳ್ಳುವವರನ್ನು ಏನೆಂದು ಕರೆದಿದ್ದೇವೆ ಎಂದು ಒಂದು ಸಲವೂ ನೋಡಲಿಲ್ಲ.

ಯಂತ್ರವನ್ನೇ ಬೈದು ಕೈತೊಳೆದುಕೊಳ್ಳುವಂತಿಲ್ಲ. 16ನೇ ಶತಮಾನದಲ್ಲಿ ಆ ಇಂಗ್ಲಿಷ್ ಪದಕ್ಕಿದ್ದ ಅರ್ಥ ಇನ್ನೊಬ್ಬರ ಮನೆಯಲ್ಲಿ ಬಾಡಿಗೆಗಿರುವವನು ಎಂದಷ್ಟೆ. ಆಸ್ಪತ್ರೆ, ಅನಾಥಾಲಯ, ಜೈಲುಗಳ ಕಡೆಗೆ ಅದು ಜಾರಿದ್ದು ಆಮೇಲೆ. ನಮ್ಮ ದೇಶದ ಇಂಗ್ಲಿಷಿನಲ್ಲಂತೂ ಹಾಸ್ಟೆಲಿನ ಹುಡುಗನಿಗೂ ಜೀವಾವಧಿ ಶಿಕ್ಷೆಯವನಿಗೂ ಇಂದಿಗೂ ಅದೊಂದೇ ಪದ. ಆ ಬಡತನವನ್ನು ಕನ್ನಡ ಸಾಲ ತರಬೇಕಾಗಿಲ್ಲ.

‘ಕೈದಿ’ಯ ಬೇರು ಅರಬ್ಬಿಯ ‘ಕೈದ್’. ಕಟ್ಟು, ಬೇಡಿ ಎಂದರ್ಥ. ಫಾರಸಿ, ಉರ್ದುಗಳ ದಾರಿಯಲ್ಲಿ ಅದು ನಮ್ಮ ಕಚೇರಿಗಳನ್ನು ಹೊಕ್ಕಿತು. ಕೈಗೆ ಕೋಳ ಹಾಕುವುದರಿಂದ ಕೈದಿ ಎಂದು ನಮ್ಮ ಮೇಷ್ಟರೊಬ್ಬರು ಹೇಳಿಕೊಟ್ಟಿದ್ದರು. ಕೇಳಲು ಸೊಗಸು, ನಿಜವಲ್ಲ. ಹಳಗನ್ನಡದಲ್ಲಿ ‘ಕೈದು’ ಎಂದರೆ ಆಯುಧ, ಅದಕ್ಕೂ ಇದಕ್ಕೂ ನಂಟಿಲ್ಲ. ‘ಖೈದಿ’ ಎಂದು ಮಹಾಪ್ರಾಣ ಹಚ್ಚುವವರೂ ಬಹಳ. ಮೂಲದಲ್ಲಿ ಆ ಮಹಾಪ್ರಾಣವಿಲ್ಲ. ‘ಬಂಧನ’ದ ಗುಂಗಿನಲ್ಲಿ ‘ಬಂದಿ’ಯನ್ನು ‘ಬಂಧಿ’ ಮಾಡುವುದೂ ಇದೇ ಜಾತಿಯ ತಪ್ಪು.

ಜೈಲಿನೊಳಗೂ ಎಲ್ಲರೂ ಒಂದೇ ಅಲ್ಲ. ಶಿಕ್ಷೆಯಾದವರು ಸಜಾಬಂದಿಗಳು, ತೀರ್ಪು ಬಾರದವರು ವಿಚಾರಣಾಧೀನ ಕೈದಿಗಳು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದವರ ಪೈಕಿ ಸುಮಾರು ಮುಕ್ಕಾಲು ಪಾಲು ಈ ಎರಡನೆಯವರು. ‘ವಿಚಾರಣಾಧೀನ’ ಉದ್ದವಾಯಿತೆಂದು ಶೀರ್ಷಿಕೆಯಲ್ಲಿ ಕತ್ತರಿಸುವ ಉಪಸಂಪಾದಕರಿಗೆ ನಾನು ಜಾಗ ಬಿಟ್ಟುಕೊಡುತ್ತೇನೆ, ಪದ ಬಿಡಬೇಡಿ.

ಇನ್ನು ‘ಅಂತೇವಾಸಿ’. ಒಳ್ಳೆಯ ಮನೆತನದ ಪದ. ಸಂಸ್ಕೃತದಲ್ಲಿ ಗುರುವಿನ ಬಳಿಯೇ ಇದ್ದು ಕಲಿಯುವ ಶಿಷ್ಯನಿಗೆ ಆ ಹೆಸರು. ತೈತ್ತಿರೀಯ ಉಪನಿಷತ್ತಿನಲ್ಲಿ ಆಚಾರ್ಯನು ‘ಸತ್ಯಂ ವದ, ಧರ್ಮಂ ಚರ’ ಎಂದು ಬುದ್ಧಿ ಹೇಳುವುದು ಅಂತೇವಾಸಿಗೇ. ಮಲಯಾಳ ಅದನ್ನು ಆಶ್ರಮ, ಹಾಸ್ಟೆಲುಗಳಲ್ಲಿರುವವರಿಗೆ ಹಿಗ್ಗಿಸಿಕೊಂಡಿದೆ. ಅಲ್ಲಿ ಅದು ಸಲೀಸು. ಆದರೆ ಕನ್ನಡದ ಕಿವಿಗೆ ಅದರಲ್ಲಿ ಮೊದಲು ಕೇಳುವುದು ‘ಅಂತ್ಯ’. ವೃದ್ಧಾಶ್ರಮದ ಬಾಗಿಲಿಗೆ ಅದನ್ನು ಬರೆದು ಹಾಕುವ ಧೈರ್ಯ ನನಗಿಲ್ಲ.

ನಿಮ್ಮ ಪತ್ರ ಬಂದ ಮೇಲೆ ನಮ್ಮೂರಿನ ಒಂದು ಆಶ್ರಮಕ್ಕೆ ಹೋಗಿದ್ದೆ. ಊಟದ ಹೊತ್ತು. ಸ್ಟೀಲ್ ತಟ್ಟೆಗಳ ಅಂಚಿನಲ್ಲಿ ಮದುವೆಗೆ ಉಡುಗೊರೆ ಕೊಟ್ಟವರ ಹೆಸರುಗಳು ಇನ್ನೂ ಇದ್ದವು; ತಟ್ಟೆಗಳು ಮನೆಯಿಂದ ಬಂದವು. ಬಡಿಸುವ ಹೆಂಗಸನ್ನು, ನೀವು ಇವರನ್ನೆಲ್ಲ ಒಟ್ಟಿಗೆ ಏನೆನ್ನುತ್ತೀರಿ ಎಂದು ಕೇಳಿದೆ. ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ಕಂಡಿತು. “ಅಜ್ಜಿಯಂದಿರು, ತಾತಂದಿರು. ಮತ್ತೇನೆನ್ನಬೇಕು?” ಎಂದು ಸಾರಿನ ಸೌಟು ಹಿಡಿದು ಮುಂದೆ ಹೋದರು.

ಅಷ್ಟೇ ಸಾಕು. ಆಶ್ರಮದಲ್ಲಿ ಹಿರಿಯರು, ಬಾಲಮಂದಿರದಲ್ಲಿ ಮಕ್ಕಳು, ಹಾಸ್ಟೆಲಿನಲ್ಲಿ ವಿದ್ಯಾರ್ಥಿಗಳು, ಆಸ್ಪತ್ರೆಯಲ್ಲಿ ರೋಗಿಗಳು. ಒಟ್ಟಾರೆ ಹೇಳಲೇಬೇಕಾದರೆ ‘ಅಲ್ಲಿರುವವರು’ ಎಂದರೂ ನಡೆಯುತ್ತದೆ. ‘ನಿವಾಸಿ’ ಸಭ್ಯ ಪದ, ಆದರೆ ಅದನ್ನು ಎಲ್ಲ ಕಡೆ ಹಚ್ಚುವುದು ನನಗೆ ಒಗ್ಗುವುದಿಲ್ಲ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ತಂದವರನ್ನು ಇರಿಸುವ ಜಾಗಕ್ಕೆ ‘ನಿರಾಶ್ರಿತರ ಪರಿಹಾರ ಕೇಂದ್ರ’ ಎಂಬ ಮೆತ್ತನೆಯ ಹೆಸರಿದೆ. ಅಲ್ಲಿರುವವನು ಕೈದಿಯಲ್ಲ, ಬೇಕೆಂದಾಗ ಗೇಟು ದಾಟಿ ಹೋಗುವ ನಿವಾಸಿಯೂ ಅಲ್ಲ. ಅಂಥ ಕಡೆ ‘ಕೇಂದ್ರದಲ್ಲಿ ಇರಿಸಲಾಗಿರುವವರು’ ಎಂದು ಉದ್ದಕ್ಕೇ ಬರೆಯಬೇಕು. ಇರಿಸಿದವರು ಯಾರು ಎಂಬ ಪ್ರಶ್ನೆಗಾದರೂ ಅದರಲ್ಲಿ ಜಾಗವಿದೆ.

ತಿದ್ದುಪಡಿ ಇದೇ ಸಂಚಿಕೆಯ ಕೊನೆಯ ಪುಟದಲ್ಲಿದೆ: ‘ವೃದ್ಧಾಶ್ರಮದ ಹಿರಿಯರಿಗೆ ಹೊದಿಕೆ.’ ನಿಮ್ಮ ಅತ್ತೆಯವರಿಗೆ ತೋರಿಸುವುದಾದರೆ ದಯವಿಟ್ಟು ಇದನ್ನು ತೋರಿಸಿ, ಹಳೆಯದನ್ನಲ್ಲ.

– ಸಂ.