ಮೋಟಾರ್ ಬಿಚ್ಚಿಡಿ, ಮೊದಲು ಕೈಯಲ್ಲಿ ತಿರುಗಿಸಿ ನೋಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಲೆಗೊ ಟೆಕ್ನಿಕ್ ಅನ್ನುವ ಕಟ್ಟುವ ಆಟಿಕೆಯ ತುಂಡುಗಳಿಗೆ ಮೋಟಾರ್ ಮತ್ತು ಗಾಳಿಯ ಸಿಲಿಂಡರ್ ಜೋಡಿಸಿ ಕಟ್ಟುವವರ ಪತ್ರಗಳೇ ಈ ಸಲ ಹೆಚ್ಚು ಬಂದಿವೆ. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಅಸೆಂಬ್ಲಿಯಲ್ಲಿ ದುಡಿದವಳು ನಾನು. ಈಗ ಮೊಮ್ಮಕ್ಕಳ ಜೊತೆ ಕೂತು ಇದೇ ಕೆಲಸ. ಹಾಗಾಗಿ ಸಂಪಾದಕರು ಪತ್ರಗಳ ಕಟ್ಟನ್ನು ನನಗೇ ಕಳಿಸಿದರು. ಸಂತೋಷದಿಂದ ಉತ್ತರ ಬರೆದಿದ್ದೇನೆ.

ನನ್ನ ಮಗ ಏಳನೇ ಕ್ಲಾಸು. ಮೋಟಾರ್ ಹಾಕಿ ಕ್ರೇನ್ ಕಟ್ಟಿದ್ದಾನೆ. ಸ್ವಲ್ಪ ಹೊತ್ತು ಚೆನ್ನಾಗಿ ಎತ್ತುತ್ತದೆ, ಆಮೇಲೆ ನಿಂತುಬಿಡುತ್ತದೆ. ಹಾಗೇ ಬಿಟ್ಟು ಸ್ವಲ್ಪ ಹೊತ್ತಿನ ಮೇಲೆ ಒತ್ತಿದರೆ ಮತ್ತೆ ಓಡುತ್ತದೆ. ಮೋಟಾರ್ ಕೆಟ್ಟಿದೆ, ಹೊಸದು ಬೇಕು ಅಂತ ಹಟ ಹಿಡಿದಿದ್ದಾನೆ. ಕೊಡಿಸಬೇಕಾ ಮೇಡಂ? — ಒಬ್ಬ ತಾಯಿ, ಶಿರಾ

ಈಗಲೇ ಕೊಡಿಸಬೇಡಿ ಅಮ್ಮ. ನೀವು ಹೇಳಿದ ಲಕ್ಷಣ ನೋಡಿದರೆ ಮೋಟಾರ್ ಕೆಟ್ಟಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಈ ಮೋಟಾರ್‌ಗಳ ಒಳಗೆ ಬಿಸಿಯಾದರೆ ಕರೆಂಟ್ ತಡೆಯುವ ಒಂದು ಸಣ್ಣ ಬಿಲ್ಲೆ ಇರುತ್ತದೆ. ಮೋಟಾರ್ ಏದುಸಿರು ಬಿಡುವಷ್ಟು ದುಡಿದಾಗ ಕರೆಂಟ್ ಹೆಚ್ಚು ಎಳೆಯುತ್ತದೆ, ಬಿಲ್ಲೆ ಬಿಸಿಯಾಗುತ್ತದೆ, ಓಟ ನಿಲ್ಲುತ್ತದೆ. ತಣ್ಣಗಾದ ಮೇಲೆ ಮತ್ತೆ ದಾರಿ ಬಿಡುತ್ತದೆ. ಹೊಸ ಮೋಟಾರ್ ಹಾಕಿದರೂ ಇದೇ ಆಗುತ್ತದೆ. ಅದು ಅಷ್ಟು ಕಷ್ಟಪಡುತ್ತಿರುವುದು ಏಕೆ ಅಂತ ಹುಡುಕಬೇಕು.

ಮಗನಿಗೆ ಹೇಳಿ: ಮೋಟಾರ್ ಬಿಚ್ಚಿ ಪಕ್ಕಕ್ಕಿಡಪ್ಪ, ಅದರ ಜಾಗದಲ್ಲಿ ಒಂದು ಆಕ್ಸಲ್ (ಗೇರ್ ಕೂರುವ ಕಡ್ಡಿ) ತೂರಿಸಿ ಎರಡೇ ಬೆರಳಲ್ಲಿ ತಿರುಗಿಸು. ಕೊಕ್ಕೆಯಲ್ಲಿ ಭಾರ ಇಲ್ಲದಿದ್ದಾಗ ಸಲೀಸಾಗಿ ತಿರುಗಬೇಕು. ಎಲ್ಲೋ ಒಂದು ಕಡೆ ಹಿಡಿದು ಬಿಟ್ಟಂತೆ ಅನಿಸಿದರೆ, ಇಲ್ಲಾ ಇಡೀ ಸುತ್ತೂ ಬಿಗಿಯಾಗಿದ್ದರೆ, ದೋಷ ಗೇರ್ ಸಾಲಿನಲ್ಲಿದೆ. ಹಗ್ಗ ಸುತ್ತುವ ಕಡೆಯಿಂದ ಒಂದೊಂದೇ ಗೇರ್ ಕಳಚುತ್ತಾ ಬನ್ನಿ. ಯಾವುದನ್ನು ತೆಗೆದ ಕೂಡಲೇ ಹಗುರಾಯಿತೋ ಅಲ್ಲಿ ನಿಲ್ಲಿ.

ಸಾಮಾನ್ಯವಾಗಿ ಸಿಗುವುದು ಬುಷ್, ಅಂದರೆ ಆಕ್ಸಲ್‌ಗೆ ತೊಡಿಸುವ ಪುಟ್ಟ ಬಳೆ. ಆಕ್ಸಲ್ ಆಚೀಚೆ ಸರಿಯದಿರಲಿ ಅಂತ ಮಕ್ಕಳು ಬುಷ್ಷನ್ನು ಬೀಮ್‌ಗೆ, ಅಂದರೆ ಸಾಲಾಗಿ ತೂತುಗಳಿರುವ ಪಟ್ಟಿಗೆ, ಒತ್ತಿ ಕೂರಿಸುತ್ತಾರೆ. ಬೀಮ್‌ಗೂ ಬುಷ್‌ಗೂ ನಡುವೆ ಒಂದು ಕಾಗದ ತೂರುವಷ್ಟು ಸಂದು ಬೇಕು. ತಿರುಗುವ ಜಾಗದಲ್ಲಿ ಸಣ್ಣ ಪ್ಲಾಸ್ಟಿಕ್ ಪುಡಿ ಕಂಡರೆ ಉಜ್ಜುತ್ತಿದೆ ಅಂತಲೇ ಅರ್ಥ. ಎರಡನೆಯದು, ಆಕ್ಸಲ್ ಒಂದೇ ತೂತಿನಲ್ಲಿ ನಿಂತಿರುವುದು. ಭಾರ ಬಿದ್ದಾಗ ಅದು ಬಾಗಿ ಗೇರ್‌ಗಳು ಒಂದನ್ನೊಂದು ತಳ್ಳಿ ಟಕಟಕ ಅನ್ನುತ್ತವೆ. ಗೇರಿನ ಎರಡೂ ಬದಿಯಲ್ಲಿ ಆಸರೆ ಕೊಡಿ.

ಮೂರನೆಯದು ಗೇರ್‌ಗಳ ನಡುವಿನ ದೂರ. ಇದಕ್ಕೆ ಒಂದು ಸುಲಭದ ಲೆಕ್ಕ ಇದೆ. ಲೆಗೊ ಬೀಮ್‌ನಲ್ಲಿ ತೂತಿನಿಂದ ತೂತಿಗೆ 8 ಮಿಲಿಮೀಟರ್. ಮಾಮೂಲಿ ಚಪ್ಪಟೆ ಗೇರ್‌ಗಳಲ್ಲಿ ಎರಡರ ಹಲ್ಲುಗಳನ್ನೂ ಕೂಡಿಸಿ 16ರಿಂದ ಭಾಗಿಸಿದರೆ ಎಷ್ಟು ತೂತು ದೂರ ಇಡಬೇಕು ಅಂತ ಸಿಗುತ್ತದೆ. 8 ಹಲ್ಲಿನದಕ್ಕೆ 24ರದ್ದು ಸೇರಿಸಿದರೆ 32, ಅಂದರೆ ಎರಡು ತೂತು. 8 ಮತ್ತು 40 ಆದರೆ ಮೂರು. 24 ಮತ್ತು 40 ಆದರೆ ನಾಲ್ಕು. ಆದರೆ 16 ಮತ್ತು 24ನ್ನು ಕೂಡಿಸಿದರೆ 40, ಭಾಗಿಸಿದರೆ ಎರಡೂವರೆ. ನೇರ ಬೀಮ್‌ನಲ್ಲಿ ಇವೆರಡು ಕೂರುವುದಿಲ್ಲ. ಬಲವಂತವಾಗಿ ಕೂರಿಸಿದರೆ ಒಂದೋ ಬಿಗಿಯುತ್ತದೆ, ಇಲ್ಲಾ ಜಾರುತ್ತದೆ. ಈ ಲೆಕ್ಕವನ್ನು ಮಗನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಸಿಡಿ.

ವಾಚ್ ಕೆಲಸದಿಂದ ಕಲಿತ ಇನ್ನೊಂದು ಮಾತು ಇಲ್ಲಿಗೂ ಹೊಂದುತ್ತದೆ. ವಾಚ್‌ನಲ್ಲಿ ಸ್ಪ್ರಿಂಗ್ ಕಡೆಯ ಚಕ್ರಕ್ಕೆ ಬಲ ಜಾಸ್ತಿ, ವೇಗ ಕಡಿಮೆ. ಕೊನೆಯ ಚಕ್ರಕ್ಕೆ ಬರುವಷ್ಟರಲ್ಲಿ ವೇಗ ಏರಿ ಬಲ ಇಳಿದಿರುತ್ತದೆ, ಆದ್ದರಿಂದ ಅಲ್ಲಿ ಒಂದು ಧೂಳಿನ ಕಣ ಬಿದ್ದರೂ ವಾಚ್ ನಿಲ್ಲುತ್ತದೆ. ಕ್ರೇನ್‌ನಲ್ಲಿ ವೇಗದ ತುದಿ ಅಂದರೆ ಮೋಟಾರ್ ಕಡೆ. ಮೋಟಾರಿನ ಪಕ್ಕದ ಆಕ್ಸಲ್‌ನಲ್ಲಿ ಆಗುವ ಉಜ್ಜಾಟ ಪೂರ್ತಿ ಮೋಟಾರಿನ ಮೇಲೇ ಬೀಳುತ್ತದೆ. ಅಷ್ಟೇ ಉಜ್ಜಾಟ ಹಗ್ಗದ ಉರುಳೆಯ ಹತ್ತಿರ ಆದರೆ, ನಡುವೆ 15 ಪಟ್ಟು ವೇಗ ಇಳಿಸಿದ್ದರೆ, ಮೋಟಾರಿಗೆ ಹದಿನೈದರಲ್ಲಿ ಒಂದು ಪಾಲು ಮಾತ್ರ. ಬುಷ್ ಸಡಿಲಿಸುವ ಕೆಲಸವನ್ನು ಮೋಟಾರ್ ಪಕ್ಕದಿಂದ ಶುರು ಮಾಡಿ ಅನ್ನುವುದು ಇದಕ್ಕೇ.

ಅವನು ವರ್ಮ್ ಗೇರ್ ಹಾಕಿದ್ದಾನಾ ಅಂತಲೂ ನೋಡಿ, ಸ್ಕ್ರೂ ಥರ ಸುರುಳಿ ಇರುವುದು. ಅದು ಒಂದು ಸುತ್ತು ಹಾಕಿದರೆ 24 ಹಲ್ಲಿನ ಗೇರ್ ಒಂದೇ ಹಲ್ಲು ಮುಂದೆ ಹೋಗುತ್ತದೆ. ಭಾರ ಕೆಳಗಿನಿಂದ ಎಳೆದರೆ ಹಿಂದಕ್ಕೆ ತಿರುಗುವುದಿಲ್ಲ, ಆದ್ದರಿಂದ ಕ್ರೇನ್‌ಗೆ ಬಹಳ ಒಳ್ಳೆಯದು. ಮೇಲೆ ಹೇಳಿದ ಬೆರಳಿನ ಪರೀಕ್ಷೆಯನ್ನೂ ಮೋಟಾರ್ ಕಡೆಯಿಂದಲೇ ಮಾಡಬೇಕು, ಉರುಳೆ ಹಿಡಿದು ತಿರುಗಿಸಿದರೆ ವರ್ಮ್ ಅಲುಗಾಡುವುದಿಲ್ಲ. ಆದರೆ ಅದಕ್ಕೆ ಉಜ್ಜಾಟ ಜಾಸ್ತಿ, ಬಲ ತಿನ್ನುತ್ತದೆ. ವರ್ಮ್ ಜೊತೆಗೆ ಇನ್ನೂ ನಾಲ್ಕಾರು ಗೇರ್ ಪೇರಿಸಿದ್ದರೆ ಅವನ್ನು ತೆಗೆಸಿ.

ಎಣ್ಣೆ ಮಾತ್ರ ಹಾಕಬೇಡಿ. ತೆಂಗಿನೆಣ್ಣೆಗೆ ಧೂಳು ಮೆತ್ತಿಕೊಂಡು ತುಂಡುಗಳು ಅಂಟಂಟಾಗುತ್ತವೆ. ಈ ತುಂಡುಗಳು ಒಣಗಿದ್ದರೇ ಚೆನ್ನಾಗಿ ತಿರುಗುತ್ತವೆ.

ಚಾರ್ಜ್ ಮಾಡುವ ಸೆಲ್ ಹಾಕಿದರೆ ಗಾಡಿ ನಿಧಾನ ಓಡುತ್ತದೆ. ಮಾಮೂಲಿ ಸೆಲ್ ಹಾಕಿದರೆ ಜೋರು. ಚಾರ್ಜರ್ ಸರಿ ಇಲ್ಲವಾ? — ತಿಪಟೂರಿನ ವಿದ್ಯಾರ್ಥಿ

ಚಾರ್ಜರ್ ಸರಿಯಾಗಿಯೇ ಇರಬಹುದು ಪುಟ್ಟ. ಮಾಮೂಲಿ ಸೆಲ್ ಒಂದಕ್ಕೆ 1.5 ವೋಲ್ಟ್, ಡಬ್ಬಿಯಲ್ಲಿ ಆರು ಸೆಲ್ ಇದ್ದರೆ 9. ಚಾರ್ಜ್ ಮಾಡುವ ನಿಕಲ್ ಸೆಲ್ 1.2 ವೋಲ್ಟ್, ಆರಕ್ಕೆ 7.2. ವೇಗ ಅಷ್ಟು ಇಳಿಯುವುದು ಸಹಜ. ಆದರೂ ನಾನು ಚಾರ್ಜ್ ಮಾಡುವುದನ್ನೇ ಹಾಕು ಅನ್ನುತ್ತೇನೆ, ಖರ್ಚು ಉಳಿಯುತ್ತದೆ, ಭಾರ ಬಿದ್ದಾಗಲೂ ವೋಲ್ಟೇಜ್ ಅಷ್ಟಾಗಿ ಕುಸಿಯುವುದಿಲ್ಲ. ಎರಡನ್ನೂ ಬೆರೆಸಿ ಹಾಕಬೇಡ. ಆಟ ಮುಗಿದು ಎತ್ತಿಡುವಾಗ ಸೆಲ್ ತೆಗೆದಿಡು. ಮಾಮೂಲಿ ಆಲ್ಕಲೈನ್ ಸೆಲ್ ಸೋರಿ ಡಬ್ಬಿಯ ತಗಡಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ, ದೊಡ್ಡವರಿಂದ ಗ್ಲೌಸ್ ಹಾಕಿಸಿ, ಹತ್ತಿಯ ಕಡ್ಡಿಗೆ ಒಂದು ಹನಿ ವಿನೆಗರ್ ಮಾಡಿ ಒರೆಸಿಸು, ಆಮೇಲೆ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ.

ಗಾಳಿಯ ಸಿಲಿಂಡರ್ ಹಾಕಿ ಜೆಸಿಬಿ ಥರದ ಒಂದು ಎಕ್ಸ್‌ಕವೇಟರ್ ಕಟ್ಟಿದ್ದೇನೆ. ಪಂಪ್ ಒತ್ತಿದರೆ ತೋಳು ಏಳುತ್ತದೆ. ವಾಲ್ವ್ ನಡುವಿಗೆ ತಂದು ಗಾಳಿಯ ದಾರಿ ಮುಚ್ಚಿ ನಿಲ್ಲಿಸಿದರೂ ಮೆಲ್ಲಗೆ ಇಳಿಯುತ್ತದೆ. ಬಕೆಟ್‌ಗೆ ಕಲ್ಲು ಹಾಕಿದರೆ ಇನ್ನೂ ಬೇಗ. ನಿಜವಾದ ಜೆಸಿಬಿ ಹೀಗೆ ಇಳಿಯುವುದಿಲ್ಲವಲ್ಲ? — ಹೈಸ್ಕೂಲ್ ಹುಡುಗ, ಬಂಗಾರಪೇಟೆ

ಎಷ್ಟು ಚೆನ್ನಾಗಿ ಗಮನಿಸಿದ್ದೀಯಪ್ಪ! ನಿನ್ನ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಪಕ್ಕದ ಕೆಜಿಎಫ್‌ನಲ್ಲಿ ಬೆಮೆಲ್ ಕಟ್ಟುವ ಎಕ್ಸ್‌ಕವೇಟರ್ ಆಗಲಿ, ರಸ್ತೆಯಲ್ಲಿ ಓಡಾಡುವ ಜೆಸಿಬಿ ಆಗಲಿ, ಅವುಗಳ ಸಿಲಿಂಡರ್‌ನಲ್ಲಿ ಇರುವುದು ಎಣ್ಣೆ. ಎಣ್ಣೆಯನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ ಅನ್ನಬಹುದು. ನಿನ್ನದರಲ್ಲಿ ಇರುವುದು ಗಾಳಿ. ಒತ್ತಡ ಎರಡರಷ್ಟಾದರೆ ಗಾಳಿಯ ಗಾತ್ರ ಅರ್ಧ, ಪಿಯುಸಿಯಲ್ಲಿ ಓದುವ ಬಾಯ್ಲ್ ನಿಯಮ ಇದೇ. ಕಲ್ಲು ಬಿದ್ದ ಕೂಡಲೇ ಒಳಗಿನ ಗಾಳಿ ಕುಗ್ಗಿ ತೋಳು ಒಂದಿಷ್ಟು ತಗ್ಗುತ್ತದೆ. ಅದು ದೋಷವಲ್ಲ.

ಗಾಳಿಯ ಬಲ ಕಮ್ಮಿ ಅಂತಲೂ ತಿಳಿಯಬೇಡ. ನಿಮ್ಮ ಕೋಲಾರ ಸೀಮೆಯಲ್ಲಿ ಬೋರ್‌ವೆಲ್ ಕೊರೆಯುವುದನ್ನು ನೋಡಿಯೇ ಇರುತ್ತೀಯ. ದೊಡ್ಡ ಕಂಪ್ರೆಸರ್‌ನ ಗಾಳಿ ರಾಡ್‌ಗಳ ಒಳಗೆ ಇಳಿದು ತಳದ ಸುತ್ತಿಗೆಯನ್ನು ಬಡಿಸುತ್ತದೆ, ಅದೇ ಗಾಳಿ ಒಡೆದ ಬಂಡೆಯ ಬೂದುಬಣ್ಣದ ಪುಡಿಯನ್ನು ಮೇಲಕ್ಕೆ ಉಗುಳುತ್ತದೆ. ಸಾವಿರ ಅಡಿ ಆಳದಲ್ಲಿ ಕಲ್ಲು ಒಡೆಯುವ ಕೆಲಸ ಗಾಳಿಯದು. ಬಡಿಯಲು, ಊದಲು ಗಾಳಿ ಸೈ. ಒಂದು ಭಾರವನ್ನು ಎತ್ತಿ ಅಲುಗಾಡದಂತೆ ಹಿಡಿದುಕೊಳ್ಳಲು ಎಣ್ಣೆ ಬೇಕು.

ಈಗ ನಿನ್ನ ತೋಳಿನ ಪರೀಕ್ಷೆ. ಬಕೆಟ್ ಎತ್ತಿ ವಾಲ್ವ್ ನಡುವಿಗೆ ತಾ. ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ ತುದಿ ಎಲ್ಲಿದೆ ಅಂತ ಗುರುತು ಹಾಕು. ಕಲ್ಲು ಹಾಕು. ಒಮ್ಮೆಲೇ ತಗ್ಗಿ ಅಲ್ಲೇ ನಿಂತರೆ, ಗಾಳಿ ಕುಗ್ಗಿದ್ದು ಮಾತ್ರ. ನಿಲ್ಲದೆ ಇಳಿಯುತ್ತಲೇ ಹೋದರೆ ಸೋರಿಕೆ ಇದೆ. ನೀನು ಬರೆದಿರುವುದನ್ನು ನೋಡಿದರೆ ನಿನ್ನಲ್ಲಿ ಎರಡೂ ಇದ್ದಂತಿದೆ.

ಸೋರಿಕೆ ಎಲ್ಲಿ ಅಂತ ಹುಡುಕಲು ಬಟ್ಟೆ ಒಣಗಿಸುವ ಕ್ಲಿಪ್ ಸಾಕು. ವಾಲ್ವ್‌ನಿಂದ ಸಿಲಿಂಡರ್‌ಗೆ ಹೋಗುವ, ಒತ್ತಡ ಇರುವ ಪೈಪನ್ನು ನಡುವೆ ಮಡಚಿ ಕ್ಲಿಪ್ ಹಾಕು. ಇಳಿಯುವುದು ನಿಂತರೆ ಕಳ್ಳ ವಾಲ್ವ್ ಕಡೆ ಇದ್ದಾನೆ. ನಿಲ್ಲದಿದ್ದರೆ ಸಿಲಿಂಡರ್ ಕಡೆ. ಆಗ ಸಿಲಿಂಡರ್‌ನ ಇನ್ನೊಂದು ಪೈಪ್ ಕಿತ್ತು, ಆ ಖಾಲಿ ಬಾಯಿಯನ್ನು ನಿನ್ನ ಮೇಲ್ದುಟಿಯ ಹತ್ತಿರ ತಾ. ಬೆರಳಿಗೆ ಗೊತ್ತಾಗದ ಗಾಳಿ ತುಟಿಗೆ ಗೊತ್ತಾಗುತ್ತದೆ. ತೋಳು ನಿಂತ ಮೇಲೂ ಅಲ್ಲಿಂದ ಗಾಳಿ ಬರುತ್ತಲೇ ಇದ್ದರೆ ಪಿಸ್ಟನ್ನಿನ ರಬ್ಬರ್ ಸವೆದಿದೆ, ಆ ಸಿಲಿಂಡರನ್ನು ಭಾರ ಇಲ್ಲದ ಕಡೆಗೆ ಬಳಸು. ಬರದಿದ್ದರೆ ಜೋಡಣೆಗಳಿಗೆ ಬೆರಳಲ್ಲಿ ಸೋಪಿನ ನೊರೆ ಹಚ್ಚು, ಗುಳ್ಳೆ ಏಳುವ ಕಡೆ ಸೋರಿಕೆ. ಇಡೀ ಸಿಲಿಂಡರನ್ನು ಬಕೆಟ್ ನೀರಿಗೆ ಮುಳುಗಿಸಬೇಡ, ಅದರ ರಾಡ್ ಲೋಹದ್ದು.

ಬಹಳ ಸಲ ಸೋರುವುದು ಪೈಪಿನ ತುದಿ. ಕಿತ್ತು ಹಾಕಿ, ಕಿತ್ತು ಹಾಕಿ ತುದಿ ಅರಳಿಕೊಂಡು ಬಿಳಿಚಿರುತ್ತದೆ. ಹೊಸ ಬ್ಲೇಡಿನಿಂದ ಎರಡು ಮೂರು ಮಿಲಿಮೀಟರ್ ನೇರವಾಗಿ ಕತ್ತರಿಸಿ ಮತ್ತೆ ಕೂರಿಸು. ಕತ್ತರಿ ಬೇಡ, ಅದು ತುದಿಯನ್ನು ಚಪ್ಪಟೆ ಮಾಡುತ್ತದೆ.

ಕುಗ್ಗುವ ತೊಂದರೆಗೆ ಬೇರೆ ಮದ್ದು. ಗಾಳಿಯ ಟ್ಯಾಂಕ್ ಇದ್ದರೆ ಅದು ಪಂಪ್ ಮತ್ತು ವಾಲ್ವ್ ನಡುವೆ ಇರಬೇಕು. ವಾಲ್ವ್ ದಾಟಿದ ಮೇಲೆ ಇಟ್ಟರೆ ಕುಗ್ಗಲು ಇನ್ನಷ್ಟು ಗಾಳಿ ಒದಗಿಸಿದಂತೆ. ವಾಲ್ವ್‌ನಿಂದ ಸಿಲಿಂಡರ್‌ಗೆ ಪೈಪ್ ಆದಷ್ಟು ಗಿಡ್ಡ ಇರಲಿ. ಎತ್ತುವ ಕೆಲಸಕ್ಕೆ ರಾಡ್ ಹೊರಗೆ ಬರುವ ದಿಕ್ಕನ್ನೇ ಬಳಸು. ಒಳಕ್ಕೆ ಎಳೆಯುವಾಗ ರಾಡ್ ಕೂತ ಜಾಗದಷ್ಟು ಪಿಸ್ಟನ್ನಿನ ಅಗಲ ಕೈಬಿಡುತ್ತದೆ, ಬಲವೂ ಅಷ್ಟು ಕಮ್ಮಿ. ಸಿಲಿಂಡರ್ ಎಲ್ಲಿ ಕಚ್ಚಿಕೊಂಡಿದೆ ನೋಡು. ತೋಳು ತಿರುಗುವ ಪಿನ್ನಿನಿಂದ ಮೂರನೇ ತೂತಿನಲ್ಲಿ ಸಿಲಿಂಡರ್, ಹದಿನೈದನೇ ತೂತಿನಲ್ಲಿ ಬಕೆಟ್ ಇದ್ದರೆ, ಬಕೆಟ್‌ಗೆ ಸಿಗುವುದು ಹೆಚ್ಚೆಂದರೆ ಐದರಲ್ಲಿ ಒಂದು ಪಾಲು ಬಲ. ಐದನೇ ತೂತಿಗೆ ಸರಿಸಿದರೆ ಮೂರರಲ್ಲಿ ಒಂದು ಪಾಲು. ಏಳುವ ಎತ್ತರ ಕಮ್ಮಿಯಾಗುತ್ತದೆ, ಅದಕ್ಕೆ ನೀನು ಒಪ್ಪಬೇಕು. ಸಾಲದಿದ್ದರೆ ಅಕ್ಕಪಕ್ಕ ಎರಡು ಸಿಲಿಂಡರ್ ಹಾಕು.

ಅಣ್ಣನ ಹಳೇ ಮೋಟಾರ್‌ಗಳಿವೆ. ನನ್ನ ಹೊಸ ಸೆಟ್ಟಿನ ಬ್ಯಾಟರಿ ಡಬ್ಬಿಗೆ ಅವುಗಳ ವೈರ್ ಕೂರುತ್ತಿಲ್ಲ. — ಗೌರಿಬಿದನೂರು

ಕೂರುವುದಿಲ್ಲ ಕಣಮ್ಮ. ಲೆಗೊದ ಹಳೇ ಮೋಟಾರ್ ವ್ಯವಸ್ಥೆ, 2007ರಲ್ಲಿ ಬಂದ ಪವರ್ ಫಂಕ್ಷನ್ಸ್‌ನ ವೈರಿನ ತುದಿಯೇ ಬೇರೆ, ಹೊಸದಾದ 2018ರ ಪವರ್ಡ್ ಅಪ್‌ನ ತುದಿಯೇ ಬೇರೆ. ವೈರ್ ಕತ್ತರಿಸಿ ಬೆಸುಗೆ ಹಾಕಲು ಹೋಗಬೇಡ. ಹಳೇ ಮೋಟಾರ್‌ಗೆ ಹಳೇ ಡಬ್ಬಿಯನ್ನೇ ಇಟ್ಟುಕೊಂಡು, ಮೋಟಾರ್ ಕೂರುವ ಜಾಗವನ್ನು ಎರಡು ಪಿನ್ ಕಿತ್ತರೆ ಬಿಡಿಸಿಕೊಳ್ಳುವ ಹಾಗೆ ಕಟ್ಟು. ಯಾವ ಮೋಟಾರ್ ಸಿಕ್ಕರೂ ಅದೇ ಗಾಡಿಗೆ ಹಾಕಬಹುದು.

ನಮ್ಮ ಶಾಲೆಯ ಮಕ್ಕಳು ಮೋಟಾರಿನಿಂದ ಓಡುವ ಪುಟ್ಟ ಗಾಳಿ ಕಂಪ್ರೆಸರ್ ಕಟ್ಟಿದ್ದಾರೆ. ಬೇರೆ ಶಾಲೆಯವರಿಗೂ ಕಲಿಸುವ ಆಸೆ. ಹೇಗೆ ಹಂಚಬೇಕು? ಎಲ್ಲರ ಹತ್ತಿರ ಲೆಗೊ ಇರುವುದಿಲ್ಲವಲ್ಲ. — ವಿಜ್ಞಾನ ಶಿಕ್ಷಕರು, ಚಿಂತಾಮಣಿ

ಮೇಷ್ಟ್ರೇ, ನಿಮ್ಮ ಪತ್ರ ಓದಿ ಮನಸ್ಸು ತುಂಬಿತು. ಪೂರ್ತಿಯಾದ ಮಾದರಿಯ ಫೋಟೊ ಒಂದರಿಂದ ಯಾರೂ ಕಲಿಯಲಾರರು. ಕಳಚುತ್ತಾ ಫೋಟೊ ತೆಗೆಸಿ. ಪ್ರತಿ ಸಲ ಐದಾರು ತುಂಡು ಬಿಚ್ಚಿ, ಬಿಳಿ ಬಟ್ಟೆಯ ಮೇಲಿಟ್ಟು, ಒಂದೇ ಜಾಗದಿಂದ ಒಂದು ಫೋಟೊ. ಆಮೇಲೆ ಹಿಂದುಮುಂದಾಗಿ ಜೋಡಿಸಿದರೆ ಕಟ್ಟುವ ಕ್ರಮ ಸಿದ್ಧ. ಕಪ್ಪು ತುಂಡಿನ ಮೇಲೆ ಕಪ್ಪು ತುಂಡು ಕಾಣುವುದಿಲ್ಲ, ಪಿನ್ನು ಆಕ್ಸಲ್‌ಗಳಿಗೆ ಬೇರೆ ಬಣ್ಣ ಹಾಕಿಸಿ. ಗಾಳಿಯ ಪೈಪ್‌ಗಳದ್ದು ಫೋಟೊದಲ್ಲಿ ಗೋಜಲು, ಅದನ್ನು ಮಾತ್ರ ಕೈಯಲ್ಲಿ ಚಿತ್ರ ಬಿಡಿಸಿ ಎರಡು ಬಣ್ಣದ ಗೆರೆಯಲ್ಲಿ ತೋರಿಸಿ.

ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಲೆಗೊ ಮಾದರಿಗಳನ್ನು ತೆರೆಯ ಮೇಲೆ ಕಟ್ಟಲು ಎಲ್‌ಡ್ರಾ ಅನ್ನುವ ಉಚಿತ ವ್ಯವಸ್ಥೆ ಇದೆ. ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ ಅನ್ನುವ ಯುವಕ 1995ರಲ್ಲಿ ಶುರು ಮಾಡಿದ್ದು. 1997ರಲ್ಲಿ ಆತ ತೀರಿಕೊಂಡ ಮೇಲೂ ಜಗತ್ತಿನ ಹವ್ಯಾಸಿಗಳು ಅದಕ್ಕೆ ತುಂಡುಗಳನ್ನು ಸೇರಿಸುತ್ತಲೇ ಇದ್ದಾರೆ. ಅದರಲ್ಲಿ ತುಂಡು ತುಂಡಾಗಿ ಕಟ್ಟಿದರೆ ಯಾವುದು ಎಷ್ಟು ಬೇಕು ಅನ್ನುವ ಪಟ್ಟಿಯನ್ನೂ ತೆಗೆಯಬಹುದು.

ಕಂಪ್ರೆಸರ್ ವಿಷಯದಲ್ಲಿ ಒಂದು ಸಲಹೆ. ಒಂದೇ ಪಂಪ್ ಇದ್ದರೆ ಪ್ರತಿ ಸುತ್ತಿನಲ್ಲೂ ಮೋಟಾರ್ ಒಮ್ಮೆ ಮುಗ್ಗರಿಸಿ ಒಮ್ಮೆ ಓಡುತ್ತದೆ. ಸ್ಪ್ರಿಂಗ್ ಇಲ್ಲದ ಸಣ್ಣ ಪಂಪ್ ಎರಡನ್ನು ತೆಗೆದುಕೊಂಡು, ಒಂದು ಒತ್ತುವಾಗ ಇನ್ನೊಂದು ಎಳೆಯುವಂತೆ ಎದುರು ಬದುರು ಕ್ರ್ಯಾಂಕ್ ಹಾಕಿಸಿ, ಓಟ ಸಮವಾಗುತ್ತದೆ. ಇನ್ನೊಂದು ಸಿಲಿಂಡರ್‌ಗೆ ರಬ್ಬರ್ ಬ್ಯಾಂಡ್ ಕಟ್ಟಿ, ಒತ್ತಡ ಏರಿದಾಗ ಅದು ಸ್ವಿಚ್ಚನ್ನು ತಳ್ಳಿ ಮೋಟಾರ್ ನಿಲ್ಲಿಸುವಂತೆ ಮಾಡಿದರೆ ಪೈಪ್ ಕಿತ್ತು ಹಾರುವುದಿಲ್ಲ. ನಿಮ್ಮ ಬರಹದ ಜೊತೆಗೆ ಯಾವ ಸೆಲ್, ಎಷ್ಟು ಹಲ್ಲಿನ ಗೇರ್, ಎಲ್ಲಿ ಪದೇ ಪದೇ ಕಳಚಿಕೊಂಡಿತು ಅನ್ನುವುದನ್ನೂ ಕೊಡಿ. ಇನ್ನೊಬ್ಬರು ಕಟ್ಟುವಾಗ ಸಿಕ್ಕಿಬೀಳುವುದು ಅಲ್ಲಿಯೇ.

ಲೆಗೊ ಇಲ್ಲದ ಶಾಲೆಗೆ ಮೆಡಿಕಲ್ ಸ್ಟೋರಿನ ಸೂಜಿ ಇಲ್ಲದ ಸಿರಿಂಜ್ ಸಾಕು. 5 ಮಿಲಿಲೀಟರಿನದೊಂದು, 10ರದೊಂದು, ನಡುವೆ ಮೀನಿನ ತೊಟ್ಟಿಗೆ ಹಾಕುವ ತೆಳು ಪೈಪ್. ತೋಳನ್ನು ರಟ್ಟಿನಲ್ಲಿ ಕತ್ತರಿಸಿಕೊಳ್ಳಲಿ. ಮೊದಲು ಗಾಳಿಯಿಂದಲೇ ಎತ್ತಿಸಿ, ಆಮೇಲೆ ಅದೇ ಪೈಪಿಗೆ ಗುಳ್ಳೆ ಇಲ್ಲದಂತೆ ನೀರು ತುಂಬಿಸಿ ಎತ್ತಿಸಿ, ಬಂಗಾರಪೇಟೆಯ ಹುಡುಗ ಕೇಳಿದ್ದಕ್ಕೂ ಅಲ್ಲೇ ಉತ್ತರ ಸಿಗುತ್ತದೆ. ನಿಮ್ಮ ಫೋಟೊಗಳನ್ನೂ ಪೈಪಿನ ಚಿತ್ರವನ್ನೂ ಪತ್ರಿಕೆಗೆ ಕಳಿಸಿಕೊಡಿ. ಅಚ್ಚು ಹಾಕಿ ಅಂತ ಸಂಪಾದಕರನ್ನು ನಾನೇ ಕೇಳುತ್ತೇನೆ.