ಪ್ರತಿಕ್ರಿಯೆ: ಉಡ್ಮುರ್ತರು ರಷ್ಯನ್ನರೇ ಅಲ್ವಾ?

ರಷ್ಯಾದೊಳಗಿನ ಉಡ್ಮುರ್ತಿಯಾ ಗಣರಾಜ್ಯದ ಉಡ್ಮುರ್ತರು ಚರ್ಚಿಗೆ ಹೋಗ್ತಾರೆ, ರಷ್ಯನ್ ಮಾತಾಡ್ತಾರೆ, ಮತ್ತೆ ಬೇರೆ ಜನ ಹೇಗೆ ಅಂತ ಕೇಳಿದೀರಲ್ಲ ಸರ್, ಅವರ ಸ್ವಂತ ಭಾಷೆ ರಷ್ಯನ್ ಕುಟುಂಬದ್ದೇ ಅಲ್ಲ, ರಷ್ಯಾದಲ್ಲೇ ಇರೋ ಕೋಮಿ ಅನ್ನೋ ಭಾಷೆಗೆ ತುಂಬ ಹತ್ರ, ಫಿನ್ನಿಶ್, ಹಂಗೇರಿಯನ್‌ಗೆ ದೂರದ ನೆಂಟು. ಹೆಚ್ಚಿನೋರು ಆರ್ಥೊಡಾಕ್ಸ್ ಕ್ರೈಸ್ತರು ನಿಜ, ಆದ್ರೆ ಬಲವಂತದ ಮತಾಂತರ ತಪ್ಪಿಸ್ಕೊಂಡು ಕಾಮಾ ನದಿ ದಾಟಿ ಈಗಿನ ಬಾಷ್ಕೋರ್ತೊಸ್ತಾನ್ (ರಷ್ಯಾದ ಇನ್ನೊಂದು ಗಣರಾಜ್ಯ) ಕಡೆ ಹೋದೋರ ಹಳ್ಳಿಗಳಲ್ಲಿ ಇವತ್ತಿಗೂ ಇನ್ಮಾರ್ ಅನ್ನೋ ಆಕಾಶದೇವರಿಗೆ ಊರವರೆಲ್ಲ ಬಯಲಲ್ಲಿ ಸೇರಿ ಕುರಿ ಬಲಿ ಕೊಟ್ಟು, ದೊಡ್ಡ ಕಡಾಯೀಲಿ ಮಾಂಸದ ಗಂಜಿ ಬೇಯಿಸಿ ಹಂಚ್ಕೊಂಡು ಉಣ್ತಾರೆ, ಎಷ್ಟು ಗಟ್ಟಿ ಜನ ನೋಡಿ! ನಂಗೆ ಸಂಕಟ ಆಗೋದು ಭಾಷೆ ವಿಷಯಕ್ಕೆ. 2018ರ ರಷ್ಯಾದ ಕಾನೂನು ಶಾಲೇಲಿ ಇಂಥ ಭಾಷೆಗಳ ಕಲಿಕೆನ ಐಚ್ಛಿಕ ಮಾಡ್ತು, ಅದನ್ನ ವಿರೋಧಿಸಿ 2019ರ ಸೆಪ್ಟೆಂಬರ್ 10ಕ್ಕೆ ಆಲ್ಬರ್ಟ್ ರಾಜಿನ್ ಅನ್ನೋ 79 ವರ್ಷದ ಉಡ್ಮುರ್ತ್ ವಿದ್ವಾಂಸರು ಉಡ್ಮುರ್ತಿಯಾದ ರಾಜಧಾನಿ ಇಝೆವ್‌ಸ್ಕ್‌ನಲ್ಲಿ ಶಾಸನಸಭೆ ಎದುರೇ ಮೈಗೆ ಬೆಂಕಿ ಹಚ್ಕೊಂಡು ಪ್ರಾಣ ಬಿಟ್ರು.