ವಿಭಾಗಗಳು ಜಾಸ್ತಿಯಾದರೆ ಸ್ಕ್ರಿಪ್ಟ್ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನನ್ನ ಟೆಕ್ಸ್ಟ್ ಫೈಲಿನಲ್ಲಿ ಪ್ರತಿ ವಿಭಾಗವೂ ಚೌಕ ಕಂಸದೊಳಗಿನ ಒಂದು ಹೆಸರಿನಿಂದ ಶುರುವಾಗುತ್ತದೆ. ನನ್ನ ಪೈಥಾನ್ ಫಂಕ್ಷನ್ ಒಂದು ವಿಭಾಗ ಓದಿ ಮುಗಿಸಿ, ಮುಂದಿನದಕ್ಕೆ ತನ್ನನ್ನೇ ಮತ್ತೆ ಕರೆಯುತ್ತದೆ (ರಿಕರ್ಷನ್). ಚಿಕ್ಕ ಫೈಲಿಗೆ ಸರಿಹೋಗುತ್ತದೆ, ದೊಡ್ಡದಕ್ಕೆ ರಿಕರ್ಷನ್ ಎರರ್ ಬರುತ್ತದೆ. ಮಿತಿ ಹೆಚ್ಚಿಸಿದರೆ ಸಾಕಾ?

ಉತ್ತರ: ದಯವಿಟ್ಟು ಹೆಚ್ಚಿಸಬೇಡಿ. ಫಂಕ್ಷನ್ ತನ್ನನ್ನೇ ಕರೆದಾಗಲೆಲ್ಲ ಹಿಂದಿನ ಕರೆ ಮುಗಿಯದೆ ಕಾಯುತ್ತಾ ಕೂತಿರುತ್ತದೆ. ಹೀಗೆ ಕಾಯುವ ಕರೆಗಳಿಗೆ ಪೈಥಾನ್ ಸಾಮಾನ್ಯವಾಗಿ 1000ದ ಮಿತಿ ಇಟ್ಟಿದೆ. ಅದನ್ನು ಏರಿಸಿದರೆ ಇವತ್ತಿನ ಫೈಲ್ ಓಡಬಹುದು. ಆದರೆ ತುಂಬಾ ಏರಿಸಿದರೆ, ಸರಿಯಾದ ಎರರ್ ಕೂಡ ತೋರಿಸದೆ ಪ್ರೋಗ್ರಾಂ ಕುಸಿದು ಬೀಳಬಹುದು.

ನಿಮ್ಮ ವಿಭಾಗಗಳು ಒಂದರ ಹಿಂದೆ ಒಂದು ಬರುತ್ತವೆ, ಒಂದರೊಳಗೆ ಒಂದಿಲ್ಲ, ಅಲ್ವಾ? ಹಾಗಿದ್ದರೆ ರಿಕರ್ಷನ್ ಬೇಕೇ ಇಲ್ಲ, ಒಂದೇ ಲೂಪ್ ಸಾಕು. ಎರಡು ವಿಷಯ ನೆನಪಿಟ್ಟುಕೊಂಡರಾಯಿತು: ಈಗ ಓದುತ್ತಿರುವ ವಿಭಾಗದ ಹೆಸರು, ಇದುವರೆಗೆ ಕೂಡಿಟ್ಟ ಸಾಲುಗಳು.

ಫೈಲಿನಲ್ಲಿ ಹೀಗಿದೆ ಅಂದುಕೊಳ್ಳಿ:

[ಬಣ್ಣ]
ಕೆಂಪು
ಹಸಿರು
[ಅಳತೆ]
40

ಮೊದಲ ಸಾಲು ಕಂಸದಿಂದ ಶುರುವಾಗಿದೆ. ಹೆಸರಿಗೆ ‘ಬಣ್ಣ’ ಹಾಕಿ, ಪಟ್ಟಿ ಖಾಲಿ ಇಡಿ. ಕೆಂಪು, ಹಸಿರು ಪಟ್ಟಿಗೆ ಸೇರುತ್ತವೆ. ‘ಅಳತೆ’ ಕಂಡ ತಕ್ಷಣ ‘ಬಣ್ಣ’ ಮುಗಿಯಿತು ಅಂತ ಅರ್ಥ. ಆ ಪಟ್ಟಿಯನ್ನು ಕೆಲಸ ಮಾಡುವ ಫಂಕ್ಷನ್‌ಗೆ ಕೊಟ್ಟು, ಹೊಸ ಹೆಸರು, ಹೊಸ ಪಟ್ಟಿಯೊಂದಿಗೆ ಮುಂದೆ ಹೋಗಿ. ಸಾಲು ಸಾಲಾಗಿ ಓದುವುದರಿಂದ ಇಡೀ ಫೈಲನ್ನು ಮೆಮೊರಿಗೆ ತುಂಬಬೇಕಾಗಿಲ್ಲ.

ತುಂಬಾ ಜನ ಎಡವುವುದು ಕೊನೆಯಲ್ಲಿ. 40 ಆದಮೇಲೆ ಇನ್ನೊಂದು ಹೆಡರ್ (ಕಂಸದೊಳಗಿನ ಹೆಸರಿನ ಸಾಲು) ಬರುವುದೇ ಇಲ್ಲ. ಹಾಗಾಗಿ ‘ಅಳತೆ’ ಪಟ್ಟಿಯಲ್ಲೇ ಉಳಿದುಬಿಡುತ್ತದೆ. ಎರರ್ ಬರುವುದಿಲ್ಲ, ಕೊನೆಯ ವಿಭಾಗ ಮಾತ್ರ ಸುಮ್ನೆ ಮಾಯ. ಲೂಪ್ ಮುಗಿದ ಮೇಲೆ, ಕೆಲಸ ಮಾಡುವ ಆ ಫಂಕ್ಷನ್‌ ಅನ್ನು ಇನ್ನೊಮ್ಮೆ ಕರೆಯಿರಿ.

ಮುಂದೆ ವಿಭಾಗದೊಳಗೆ ವಿಭಾಗ ಬಂದರೂ ಲೂಪ್ ಬಿಡಬೇಡಿ. ಹೆಸರಿನ ಜಾಗದಲ್ಲಿ ಒಂದು ಸ್ಟ್ಯಾಕ್ (ಒಂದರ ಮೇಲೊಂದು ಪೇರಿಸುವ ಪಟ್ಟಿ) ಇಡಿ. ವಿಭಾಗ ತೆರೆದಾಗ ಮೇಲೆ ಸೇರಿಸಿ, ಮುಚ್ಚಿದಾಗ ಮೇಲಿನದನ್ನು ತೆಗೆಯಿರಿ. ಪೈಥಾನ್‌ನ ಮಾಮೂಲಿ ಲಿಸ್ಟ್ ಇದಕ್ಕೆ ಸಾಕು.

ಇಷ್ಟೆಲ್ಲ ಮಾಡಿಯೂ ಮೊದಲ ಹೆಡರ್ ಮಾತ್ರ ಸಿಗದಿದ್ದರೆ, ಫೈಲಿನ ಶುರುವಿನಲ್ಲಿ ಕಣ್ಣಿಗೆ ಕಾಣದ ಬಿಒಎಂ ಗುರುತು (ಕೆಲವು ಎಡಿಟರ್‌ಗಳು ಸೇರಿಸುವ ಒಂದು ಅಕ್ಷರ) ಇರಬಹುದು. ಆಗ ‘ಯುಟಿಎಫ್-8-ಸಿಗ್’ (utf-8-sig) ಎನ್‌ಕೋಡಿಂಗ್ ಕೊಟ್ಟು ಫೈಲ್ ತೆರೆದು ನೋಡಿ.